ಫುಸ್ತಾತ್‌ನ ಕಾಗದದ ಕೋಣೆಯಿಂದ ಅದ್ಲಿ ಬೀದಿಯವರೆಗೆ

ಕೈರೊ ಮೆಟ್ರೊದ ಒಂದನೇ ಮಾರ್ಗದಲ್ಲಿ ಹೆಲ್ವಾನ್ ಕಡೆಗೆ ಹೋಗುವ ರೈಲು ಹಿಡಿದು ಮಾರ್ ಗಿರ್ಗಿಸ್ ನಿಲ್ದಾಣದಲ್ಲಿ ಇಳಿದರೆ ರಸ್ತೆಯಾಚೆಗೇ ರೋಮನ್ನರ ಕೋಟೆಯ ದುಂಡನೆಯ ಬುರುಜು ಕಾಣುತ್ತದೆ. ಒಂದು ಪಟ್ಟಿ ಇಟ್ಟಿಗೆ, ಒಂದು ಪಟ್ಟಿ ಕಲ್ಲು, ಮತ್ತೆ ಇಟ್ಟಿಗೆ. ಈ ಕೋಟೆಯ ಹೆಸರು ಬ್ಯಾಬಿಲಾನ್. ಇರಾಕಿನ ಬ್ಯಾಬಿಲಾನ್ ಬೇರೆ, ಇದು ಬೇರೆ. 641ರಲ್ಲಿ ಅರಬ್ ಸೇನಾಪತಿ ಅಮ್ರ್ ಇಬ್ನ್ ಅಲ್ ಆಸ್ ಇದನ್ನು ಗೆದ್ದು ಪಕ್ಕದಲ್ಲಿ ಬಿಡಾರ ಹೂಡಿದ. ಆ ಬಿಡಾರ ಬೆಳೆದು ಫುಸ್ತಾತ್ ಪಟ್ಟಣವಾಯಿತು. ಕೈರೊ ಹುಟ್ಟಿದ್ದು ಆಮೇಲೆ, 969ರಲ್ಲಿ, ಇಲ್ಲಿಂದ ಉತ್ತರಕ್ಕೆ. ಈಗ ಕೈರೊ ಎಷ್ಟು ಬೆಳೆದಿದೆಯೆಂದರೆ ಫುಸ್ತಾತ್ ಅದರ ಒಂದು ಹಳೇ ಬಡಾವಣೆ ಮಾತ್ರ.

ಕೋಟೆಯೊಳಗಿನ ಓಣಿ ಈಗಿನ ರಸ್ತೆಗಿಂತ ತಗ್ಗಿನಲ್ಲಿದೆ. ಕಲ್ಲಿನ ಮೆಟ್ಟಿಲು ಇಳಿದು, ತಲೆ ತಗ್ಗಿಸಿ ಒಂದು ಬಾಗಿಲು ದಾಟಿ ಒಳಗೆ ಹೋಗಬೇಕು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲುವಷ್ಟು ಕಿರಿದು. ಗೋಡೆಯುದ್ದಕ್ಕೂ ಹಳೇ ಪುಸ್ತಕ, ಭೂಪಟ, ಚಿತ್ರಗಳ ಮಾರಾಟ. ಇದು ಕಾಪ್ಟಿಕ್ ಕ್ರೈಸ್ತರ ಕೇರಿ. ಬಾಲಯೇಸುವನ್ನು ಎತ್ತಿಕೊಂಡು ಬಂದ ಮರಿಯಮ್ಮ ತಂಗಿದ್ದಳೆಂದು ಭಕ್ತರು ನಂಬುವ ಅಬು ಸರ್ಗಾ ಚರ್ಚು ಇಲ್ಲಿದೆ, ಸಂತ ಬಾರ್ಬರಾಳ ಚರ್ಚೂ ಇದೆ. ಅವೆರಡನ್ನೂ ದಾಟಿ ಓಣಿಯ ಕೊನೆಗೆ ಬಂದರೆ ಕಬ್ಬಿಣದ ಗೇಟು, ಗೇಟಿನ ಬಳಿ ಪೊಲೀಸರು, ಅದರಾಚೆಗೆ ಯಹೂದಿಗಳ ಪ್ರಾರ್ಥನಾಮಂದಿರ, ಬೆನ್ ಎಜ್ರಾ ಸಿನಗಾಗ್. ಅರಬ್ ನಾಡಿನ ಯಹೂದಿಗಳ ಚರಿತ್ರೆ ತಿಳಿಯಬೇಕೆನ್ನುವವರು ಮೊದಲು ಬರಬೇಕಾದ ಜಾಗ ಇದು. ಮಂಗಳೂರಿನವರಂತೂ ಬರಲೇಬೇಕು. ಕಾರಣ ಮುಂದೆ ಹೇಳುತ್ತೇನೆ.

ಹೊರಗಿನಿಂದ ನೋಡಿದರೆ ಸಾದಾ ಕಟ್ಟಡ. ಒಳಗೆ ಕಾಲಿಟ್ಟರೆ ಎರಡು ಸಾಲು ಕಂಬ, ನಡುವೆ ಅಮೃತಶಿಲೆಯ ಎಂಟು ಮೂಲೆಯ ವೇದಿಕೆ, ಅದರಾಚೆಗೆ ಯಹೂದಿಗಳ ಧರ್ಮಗ್ರಂಥ ತೋರಾದ ಸುರುಳಿಗಳನ್ನು ಇಡುತ್ತಿದ್ದ ಮರದ ಕಪಾಟು. ಮರಕ್ಕೆ ಕೂರಿಸಿದ ನಕಾಶೆಯ ಕೆಲಸವನ್ನು ಹತ್ತಿರದಿಂದ ನೋಡಬೇಕು. ನಕ್ಷತ್ರದ ಒಳಗೊಂದು ನಕ್ಷತ್ರ, ಅದರ ಸುತ್ತ ಮತ್ತೆ ಕೋನಗಳು. ಕೈರೊದ ಹಳೇ ಮಸೀದಿಗಳ ಪ್ರವಚನಪೀಠಗಳಾದ ಮಿಂಬರ್‌ಗಳಲ್ಲಿ ಕಾಣುವುದೂ ಇದೇ ರೇಖಾವಿನ್ಯಾಸ, ಬಾರ್ಬರಾಳ ಚರ್ಚಿನ ಮರದ ತಡಿಕೆಯಲ್ಲಿ ಕಾಣುವುದೂ ಇದೇ. ಮೂರು ಧರ್ಮದವರ ದೇವಾಲಯಗಳಲ್ಲೂ ಒಂದೇ ಊರಿನ ಬಡಗಿಗಳ ಕೈ ಆಡಿದೆ. ಅರಬ್ ಯಹೂದಿಗಳನ್ನು ಎಲ್ಲಿಂದಲೋ ಬಂದು ಹೋದ ಪರದೇಶಿಗಳೆಂದು ತಿಳಿದವರು ಈ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಈಗ ನಿಂತಿರುವ ಕಟ್ಟಡ 1890ರ ಸುಮಾರಿಗೆ ಹಳೆಯದನ್ನು ಕೆಡವಿ ಕಟ್ಟಿದ್ದು. ಇತ್ತೀಚಿನ ದುರಸ್ತಿಯ ಬಳಿಕ 2023ರಲ್ಲಿ ಮತ್ತೆ ತೆರೆಯಿತು. ಆದರೆ ಜಾಗದ ಚರಿತ್ರೆ ಸಾವಿರ ವರ್ಷ ಮೀರಿದ್ದು. ಫಾತಿಮಿ ಖಲೀಫ ಅಲ್ ಹಾಕಿಮನ ಕಾಲದಲ್ಲಿ, ಹನ್ನೊಂದನೇ ಶತಮಾನದ ಮೊದಲ ವರ್ಷಗಳಲ್ಲಿ, ಚರ್ಚುಗಳ ಜೊತೆಗೆ ಈ ಸಿನಗಾಗನ್ನೂ ಕೆಡವಿದರು. ಅವನ ನಂತರ ಮತ್ತೆ ಕಟ್ಟಿಕೊಂಡರು. ಆಗ ಫುಸ್ತಾತ್‌ನಲ್ಲಿ ಯಹೂದಿಗಳ ಎರಡು ಪಂಗಡಗಳಿದ್ದವು: ಪ್ಯಾಲೆಸ್ತೀನಿನ ಸಂಪ್ರದಾಯದವರು, ಇರಾಕಿನ ಸಂಪ್ರದಾಯದವರು. ಇದು ಮೊದಲಿನವರದು. ಸ್ಪೇನಿನಿಂದ ಹೊರಟು ಲೋಕ ಸುತ್ತಿದ ಬೆಂಜಮಿನ್ ಆಫ್ ಟುಡೆಲಾ 1170ರ ಹೊತ್ತಿಗೆ ಇಲ್ಲಿಗೆ ಬಂದಾಗ, ಇರಾಕಿನವರು ಇಡೀ ತೋರಾವನ್ನು ವರ್ಷಕ್ಕೊಮ್ಮೆ ಓದಿ ಮುಗಿಸುತ್ತಾರೆ, ಪ್ಯಾಲೆಸ್ತೀನಿನವರು ಮೂರು ವರ್ಷ ತೆಗೆದುಕೊಳ್ಳುತ್ತಾರೆ ಎಂದು ಬರೆದಿಟ್ಟ. ಹೊಸಬರನ್ನು ತಮ್ಮ ಪಂಗಡಕ್ಕೆ ಸೆಳೆದುಕೊಳ್ಳಲು ಎರಡೂ ಕಡೆಯವರು ಪೈಪೋಟಿ ನಡೆಸುತ್ತಿದ್ದರು.

ತಲೆಯೆತ್ತಿ ನೋಡಿದರೆ ಮೇಲೆ ಹೆಂಗಸರು ಕೂರುತ್ತಿದ್ದ ಗ್ಯಾಲರಿ. ಅದರ ತುದಿಯಲ್ಲಿ, ಗೋಡೆಯ ಎತ್ತರದಲ್ಲಿ ಒಂದು ಕಿಂಡಿ ಇತ್ತು. ಏಣಿ ಹಾಕಿ ಹತ್ತಿದರೆ ಆಚೆಗೆ ಕಿಟಕಿಯಿಲ್ಲದ ಕತ್ತಲೆ ಕೋಣೆ. ಅದೇ ಗೆನೀಜಾ. ದೇವರ ಹೆಸರಿರುವ ಬರಹವನ್ನು ಎಸೆಯಬಾರದು, ಸುಡಬಾರದು, ಕಾಲಿಗೆ ಸಿಗುವಂತೆ ಬಿಡಬಾರದು ಎಂಬುದು ಯಹೂದಿಗಳ ನೇಮ. ಕಾಗದ ಕಾಲಿಗೆ ತಗುಲಿದರೆ ಸರಸ್ವತಿಯೆಂದು ಕಣ್ಣಿಗೆ ಒತ್ತಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳತಾದ ಗ್ರಂಥಗಳನ್ನು ಇಂಥ ಕೋಣೆಯಲ್ಲಿಟ್ಟು, ಒಂದು ದಿನ ಸ್ಮಶಾನಕ್ಕೆ ಒಯ್ದು ಹೂಳುವುದು ಎಲ್ಲ ಊರಿನ ವಾಡಿಕೆ. ಫುಸ್ತಾತ್‌ನವರು ಧರ್ಮಗ್ರಂಥಗಳ ಜೊತೆಗೆ ಹೀಬ್ರೂ ಲಿಪಿಯಲ್ಲಿದ್ದ ಎಲ್ಲವನ್ನೂ ಕಿಂಡಿಯಲ್ಲಿ ಹಾಕಿದರು. ಹೂಳಲು ಒಯ್ಯದೆ ಶತಮಾನಗಟ್ಟಲೆ ಅಲ್ಲೇ ಬಿಟ್ಟರು. ಒಣ ಹವೆಯ ನಾಡು, ಗೆದ್ದಲು ತಿನ್ನಲಿಲ್ಲ, ಕೊಳೆಯಲಿಲ್ಲ.

1896ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಅವಳಿ ಸೋದರಿಯರಾದ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಪ್ರವಾಸದಲ್ಲಿ ಕೊಂಡುತಂದಿದ್ದ ಹಾಳೆಗಳನ್ನು ಕೇಂಬ್ರಿಜ್‌ನ ಪಂಡಿತ ಸೊಲೊಮನ್ ಶೆಕ್ಟರ್‌ಗೆ ತೋರಿಸಿದರು. ಅದರಲ್ಲೊಂದು ಬೆನ್ ಸಿರಾ ಎಂಬ ಪ್ರಾಚೀನ ಗ್ರಂಥದ ಹೀಬ್ರೂ ಮೂಲವೆಂದು ಅವನು ಗುರುತಿಸಿದ. ಆವರೆಗೆ ಅನುವಾದಗಳಲ್ಲಷ್ಟೇ ಗೊತ್ತಿದ್ದ ಗ್ರಂಥ ಅದು. ಆ ವರ್ಷದ ಕೊನೆಗೇ ಶೆಕ್ಟರ್ ಕೈರೊಗೆ ಬಂದ. ಯಹೂದಿಗಳ ಧರ್ಮಗುರುವಾದ ಮುಖ್ಯ ರಬ್ಬಿಯ ಒಪ್ಪಿಗೆ ಪಡೆದು, ಧೂಳಿನಲ್ಲಿ ಕೆಮ್ಮುತ್ತಾ ವಾರಗಟ್ಟಲೆ ಕೂತು, ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದ. ಬೇರೆ ಬೇರೆ ಗ್ರಂಥಾಲಯಗಳಿಗೆ ಹಂಚಿಹೋದುದನ್ನೂ ಸೇರಿಸಿದರೆ ಒಟ್ಟು ನಾಲ್ಕು ಲಕ್ಷದ ಆಸುಪಾಸು. ಅವನು ಹುಡುಕುತ್ತಿದ್ದುದು ಧರ್ಮಗ್ರಂಥಗಳನ್ನು. ಆ ರಾಶಿಯೊಳಗೆ ಒಂದು ಇಡೀ ಊರಿನ ಬಾಳು ಇದೆಯೆಂದು ತೋರಿಸಿಕೊಟ್ಟವನು ಆಮೇಲೆ ಬಂದ ಎಸ್. ಡಿ. ಗೊಯಿಟೈನ್. ಅವನ ‘ಎ ಮೆಡಿಟರೇನಿಯನ್ ಸೊಸೈಟಿ’ಯ ಐದು ಸಂಪುಟಗಳು 1967ರಿಂದ 1988ರವರೆಗೆ ಹೊರಬಂದವು.

ಮಗುವಿನ ಅಕ್ಷರಾಭ್ಯಾಸದ ಪುಸ್ತಕ, ಮದುವೆ ಒಪ್ಪಂದ, ವೈದ್ಯರ ಚೀಟಿ, ಅಂಗಡಿ ಲೆಕ್ಕ, ಗಂಡ ಮನೆಗೆ ಬರಲಿಲ್ಲವೆಂಬ ದೂರು, ಸಾಲ ತೀರಿಸದವನ ಮೇಲಿನ ಬೈಗುಳ, ಎಲ್ಲವೂ ಅಲ್ಲಿದ್ದವು. ಹೆಚ್ಚಿನವು ಅರಬ್ಬೀ ಭಾಷೆಯವು, ಹೀಬ್ರೂ ಲಿಪಿಯಲ್ಲಿ ಬರೆದವು. ಈ ಜನ ಮನೆಯಲ್ಲಿ, ಪೇಟೆಯಲ್ಲಿ, ಕನಸಿನಲ್ಲಿ ಬಳಸಿದ್ದು ಅರಬ್ಬಿಯನ್ನೇ. ಗೊಯಿಟೈನ್ ಪರಿಚಯಿಸಿದವರಲ್ಲಿ ನನಗೆ ಬಹಳ ಹಿಡಿಸಿದವಳು ವುಹ್ಶಾ. 1100ರ ಹೊತ್ತಿಗೆ ಫುಸ್ತಾತ್‌ನಲ್ಲಿ ಸ್ವಂತ ವ್ಯಾಪಾರ, ದಲ್ಲಾಳಿ ಕೆಲಸ ನಡೆಸಿ ಸಾಕಷ್ಟು ಹಣ ಮಾಡಿದ ಹೆಂಗಸು. ಮದುವೆಯ ಕಟ್ಟಿಲ್ಲದೆ ಹಸ್ಸೂನ್ ಎಂಬವನಿಂದ ಮಗನನ್ನು ಪಡೆದಳು. ಅದೇ ಕಾರಣಕ್ಕೆ ಯೋಮ್ ಕಿಪ್ಪೂರ್‌ನಂಥ ದೊಡ್ಡ ಉಪವಾಸದ ದಿನ ಇರಾಕಿನವರ ಸಿನಗಾಗಿನ ಹಿರಿಯರು ಅವಳನ್ನು ಹೊರಗೆ ಹಾಕಿದರು. ಸಾಯುವ ಮುಂಚೆ ಬರೆಸಿದ ಉಯಿಲಿನಲ್ಲಿ ಅವಳು ಊರಿನ ಸಿನಗಾಗುಗಳಿಗೆ ದಾನ ಬರೆದಳು, ತನ್ನನ್ನು ಹೊರಹಾಕಿದ್ದನ್ನೂ ಬಿಡದೆ. ಹಸ್ಸೂನನಿಗೆ ಬಿಡಿಕಾಸೂ ಸಲ್ಲಬಾರದೆಂದು ಸ್ಪಷ್ಟವಾಗಿ ಬರೆಸಿದಳು. ಮಗನಿಗೆ ಮೇಷ್ಟರನ್ನಿಟ್ಟು ಓದಿಸಲು ಏರ್ಪಾಡು ಮಾಡಿದಳು. ಒಂಬೈನೂರು ವರ್ಷದ ಹಿಂದಿನ ಒಬ್ಬ ಹೆಂಗಸಿನ ಛಲ, ಲೆಕ್ಕಾಚಾರ, ಔದಾರ್ಯ ಒಂದೇ ಹಾಳೆಯಲ್ಲಿ ಉಳಿದುಬಂದಿದೆ.

ಇನ್ನು ಮಂಗಳೂರಿನ ಮಾತು. ಫುಸ್ತಾತ್‌ನ ವ್ಯಾಪಾರಿಗಳು ನೈಲ್ ನದಿಯಲ್ಲಿ ದೋಣಿಯೇರಿ ದಕ್ಷಿಣಕ್ಕೆ ಕೂಸ್ ಪಟ್ಟಣದವರೆಗೆ ಹೋಗುತ್ತಿದ್ದರು. ಅಲ್ಲಿಂದ ಒಂಟೆಯ ಮೇಲೆ ಮರುಭೂಮಿ ದಾಟಿ ಕೆಂಪು ಸಮುದ್ರದ ಐದಾಬ್ ಬಂದರು. ಮುಂದೆ ಏಡನ್. ಏಡನ್‌ನಿಂದ ಮಳೆಗಾಲದ ಗಾಳಿ ನೋಡಿಕೊಂಡು ನಮ್ಮ ಪಡುವಣ ಕರಾವಳಿ. ಈ ದಾರಿಯಲ್ಲಿ ಬಂದವರಲ್ಲಿ ಒಬ್ಬ ಅಬ್ರಹಾಂ ಬೆನ್ ಯಿಜು. ಈಗಿನ ಟುನೀಶಿಯಾದ ಮಹ್ದಿಯಾ ಎಂಬ ಬಂದರಿನವನು, ರಬ್ಬಿಯ ಮಗ, ಶಾಸ್ತ್ರ ಬಲ್ಲವನು, ಪದ್ಯ ಕಟ್ಟುವವನು. 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ. ಆಳುಪರು ಆಳುತ್ತಿದ್ದ ಕಾಲ. ಹೆಚ್ಚುಕಡಿಮೆ ಹದಿನೇಳು ವರ್ಷ, 1149ರವರೆಗೆ, ಅವನ ಬದುಕು ಅಲ್ಲೇ ನಡೆಯಿತು.

ಅವನು ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಕಾರ್ಖಾನೆಯೊಂದನ್ನೂ ನಡೆಸುತ್ತಿದ್ದ. ಏಡನ್‌ನ ಗಿರಾಕಿಗಳು ತಾಮ್ರವನ್ನೂ ಒಡೆದ ಪಾತ್ರೆಗಳನ್ನೂ ಹಡಗಿಗೆ ಹಾಕಿ, ಇಂಥ ಅಳತೆಯ ದೀಪ, ಇಂಥ ತೂಕದ ಹೂಜಿ ಬೇಕೆಂದು ಬರೆಯುತ್ತಿದ್ದರು. ಮಂಗಳೂರಿನ ಕಂಚುಗಾರರು ಕರಗಿಸಿ ಹೊಸದು ಎರೆದು ಕಳಿಸುತ್ತಿದ್ದರು. ಪ್ರತಿಯಾಗಿ ಏಡನ್‌ನಿಂದ ಬೆನ್ ಯಿಜುವಿನ ಮನೆಗೆ ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸಾಬೂನು ಬರುತ್ತಿದ್ದವು. ಎಲ್ಲಕ್ಕಿಂತ ಅವನು ಎದುರು ನೋಡುತ್ತಿದ್ದುದು ಕಾಗದವನ್ನು. ತಾಳೆಗರಿಯ ನಾಡಿನಲ್ಲಿ ಒಳ್ಳೆಯ ಕಾಗದ ಸಿಗದೆ, ಬಂದ ಪತ್ರಗಳ ಹಿಂಬದಿಯಲ್ಲಿ, ಅಂಚಿನಲ್ಲಿ, ಸಾಲುಗಳ ನಡುವೆ ಲೆಕ್ಕ ಬರೆದುಕೊಂಡಿದ್ದಾನೆ. ಏಲಕ್ಕಿಗೆ ಮುಂಗಡ ಹಣ ಪಡೆದು ಮಾಲು ಕೊಡದೆ ಸತಾಯಿಸಿದ ಸ್ಥಳೀಯ ದಲ್ಲಾಳಿಯ ತಕರಾರು ಹಲವು ಪತ್ರಗಳಲ್ಲಿ ಹರಿದಾಡುತ್ತದೆ.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನೊಂದು ಬಿಡುಗಡೆ ಪತ್ರ ಬರೆದ. ಆಶು ಎಂಬ ದಾಸಿಗೆ ಕೊಟ್ಟ ಸ್ವಾತಂತ್ರ್ಯದ ಪತ್ರ ಅದು. ಆಶುವನ್ನೇ ಅವನು ಕೈಹಿಡಿದ, ಅವನ ಮಕ್ಕಳ ತಾಯಿ ಅವಳೇ ಎನ್ನುವುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇನ್ನೊಬ್ಬ ಬೊಮ್ಮ. ದಾಸ ಎಂದರೂ ಬೆನ್ ಯಿಜುವಿನ ವ್ಯಾಪಾರದ ಬಲಗೈ. ಒಡೆಯನ ಸರಕು ತೆಗೆದುಕೊಂಡು ಏಡನ್‌ಗೆ ಹೋಗಿ ಬರುತ್ತಿದ್ದ. ಒಮ್ಮೆ ಅಲ್ಲಿ ಕುಡಿದು ಗಲಾಟೆ ಮಾಡಿ ಹೆಚ್ಚಿಗೆ ಹಣ ಕೇಳಿದನೆಂದು ಏಡನ್‌ನ ದೊಡ್ಡ ವ್ಯಾಪಾರಿ ಮದ್ಮೂನ್ ದೂರು ಬರೆದಿದ್ದಾನೆ. ವರ್ಷಗಳು ಕಳೆದ ಮೇಲೆ ಅದೇ ಏಡನ್‌ನಿಂದ ಬಂದ ಪತ್ರಗಳ ಕೊನೆಯಲ್ಲಿ, ಮನೆಯವರ ಕ್ಷೇಮ ವಿಚಾರಿಸುವಾಗ, ಬೊಮ್ಮನಿಗೂ ಗೌರವದ ಸಲಾಮು ಬರುತ್ತದೆ.

ಈ ಸಲಾಮುಗಳ ಎಳೆ ಹಿಡಿದು ಹೊರಟವರು ಅಮಿತಾವ್ ಘೋಷ್. ಅವರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ 1992ರಲ್ಲಿ ಬಂತು. ಹೀಬ್ರೂ ಲಿಪಿಯಲ್ಲಿ ಸ್ವರಚಿಹ್ನೆಯಿಲ್ಲದೆ ಬರೆದ ಹೆಸರು ಬೊಮ್ಮ ಇರಬೇಕು, ತುಳುನಾಡಿನ ಬೆರ್ಮೆರ್ ದೈವದೊಂದಿಗೆ ಅದಕ್ಕೆ ನಂಟಿರಬೇಕು ಎಂಬ ತೀರ್ಮಾನಕ್ಕೆ ಬರಲು ಅವರಿಗೆ ದಾರಿ ತೋರಿದವರು ಮಂಗಳೂರಿನ ಜಾನಪದ ವಿದ್ವಾಂಸ ಬಿ. ಎ. ವಿವೇಕ ರೈ. ಹನ್ನೆರಡನೇ ಶತಮಾನದ ನಮ್ಮ ಶಾಸನಗಳಲ್ಲಿ ಅರಸರಿದ್ದಾರೆ, ದಾನ ಕೊಟ್ಟವರಿದ್ದಾರೆ, ಕಾದಾಡಿ ಸತ್ತ ವೀರರಿದ್ದಾರೆ. ಕುಡಿದು ಜಗಳವಾಡಿದ, ಮತ್ತೆ ಮರ್ಯಾದೆ ಗಳಿಸಿದ ಒಬ್ಬ ಸಾಮಾನ್ಯ ತುಳುವನ ಸುದ್ದಿ ಮಾತ್ರ ನೈಲ್ ದಂಡೆಯ ಈ ಕೋಣೆಯಲ್ಲಿ ಉಳಿಯಿತು. ಸಿನಗಾಗಿನೊಳಗೆ ನಿಂತು ಆ ಗೋಡೆಯನ್ನು ನೋಡುವಾಗ ನನ್ನಲ್ಲಿ ಹುಟ್ಟಿದ್ದು ಕೃತಜ್ಞತೆ. ಅದಕ್ಕೆ ಬೇರೆ ಹೆಸರು ಕೊಡಲಾರೆ.

ಬೆನ್ ಯಿಜುವಿನ ಕೊನೆಗಾಲ ಸುಖದ್ದಾಗಿರಲಿಲ್ಲ. ಸಿಸಿಲಿಯ ನಾರ್ಮನ್ನರು 1148ರಲ್ಲಿ ಮಹ್ದಿಯಾವನ್ನು ಹಿಡಿದಾಗ ಅಣ್ಣತಮ್ಮಂದಿರು ದಿಕ್ಕಾಪಾಲಾದರು. ಅವರನ್ನು ಕೂಡಿಕೊಳ್ಳಲೆಂದು ಮಂಗಳೂರು ಬಿಟ್ಟು ಏಡನ್‌ಗೆ ಬಂದ. ನಂಬಿದ ಒಡಹುಟ್ಟಿದವನೇ ಹಣದ ವಿಷಯದಲ್ಲಿ ಮೋಸಮಾಡಿದ. ಯೆಮನ್‌ನಲ್ಲಿ ಮಗ ತೀರಿಕೊಂಡ. ಉಳಿದ ಮಗಳು ಸಿತ್ ಅಲ್ ದಾರ್ 1156ರಲ್ಲಿ ಫುಸ್ತಾತ್‌ನಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಲ್ಲೇ ಒಬ್ಬನನ್ನು ಮದುವೆಯಾದಳು. ಮಂಗಳೂರಿನಲ್ಲಿ ಹುಟ್ಟಿದ ಹುಡುಗಿ ನೈಲ್ ದಂಡೆಯ ಸೊಸೆಯಾದಳು. ಅವಳ ತಂದೆಯ ಕಾಗದಗಳೆಲ್ಲ ಆ ಕಿಂಡಿ ಸೇರಿದ್ದು ಹೀಗೆ.

ಇಲ್ಲಿಂದ ಮತ್ತೆ ಮೆಟ್ರೊ ಹತ್ತಿ, ದಾರಿಯಲ್ಲಿ ರೈಲು ಬದಲಿಸಿ ಅತಬಾದಲ್ಲಿ ಇಳಿದು ಮುಸ್ಕಿ ಬೀದಿಯಲ್ಲಿ ಪೂರ್ವಕ್ಕೆ ನಡೆಯಬೇಕು. ಬಟ್ಟೆ, ಪ್ಲಾಸ್ಟಿಕ್ ಸಾಮಾನು, ಆಟಿಕೆ, ಮದುವೆ ಸಾಮಗ್ರಿ. ತಲೆಯ ಮೇಲೆ ಮೂಟೆ ಹೊತ್ತವರಿಗೆ ದಾರಿ ಬಿಡುತ್ತಲೇ ಹೆಜ್ಜೆ ಇಡಬೇಕು. ಖಾನ್ ಅಲ್ ಖಲೀಲಿ ಪೇಟೆ ಬರುವ ಮೊದಲೇ ಎಡಕ್ಕೆ ಒಡೆಯುವ ಓಣಿಗಳ ಜಾಲವೇ ಹಾರತ್ ಅಲ್ ಯಹೂದ್, ಯಹೂದಿ ಕೇರಿ. ಯಹೂದಿಗಳು ಹೋಗಿ ಎರಡು ತಲೆಮಾರು ಕಳೆದರೂ ಹೆಸರು ಹೋಗಿಲ್ಲ. ‘ಮೂಸಾ ಇಬ್ನ್ ಮೈಮೂನ್’ ಎಂದು ಕೇಳಿದರೆ ಅಂಗಡಿಯವರು ತಕ್ಕಡಿ ಬಿಟ್ಟೇಳದೆ ಕೈತೋರಿಸುತ್ತಾರೆ.

ಮೂಸಾ ಇಬ್ನ್ ಮೈಮೂನ್ ಅಂದರೆ ಯಹೂದಿಗಳ ರಂಬಾಮ್, ಯುರೋಪಿನವರ ಮೈಮನಿಡಿಸ್. ಸ್ಪೇನಿನ ಕೊರ್ಡೊಬಾದಲ್ಲಿ ಹುಟ್ಟಿ, ಅಲ್ಮೊಹದ್ ಅರಸರ ಮತಾಂತರದ ಬಲವಂತ ತಾಳದೆ ಊರೂರು ಅಲೆದು, 1160ರ ದಶಕದ ಕೊನೆಗೆ ಫುಸ್ತಾತ್‌ಗೆ ಬಂದ. ಸುಲ್ತಾನ ಸಲಾಹುದ್ದೀನನ ಮಂತ್ರಿ ಅಲ್ ಫಾದಿಲ್‌ನ ಆಶ್ರಯದಲ್ಲಿ ಆಸ್ಥಾನ ವೈದ್ಯನಾದ. ಯಹೂದಿ ಧರ್ಮಶಾಸ್ತ್ರವನ್ನೆಲ್ಲ ಕ್ರಮಕ್ಕೆ ತಂದ ‘ಮಿಶ್ನೆ ತೋರಾ’ವನ್ನು ಹೀಬ್ರೂವಿನಲ್ಲಿ ಬರೆದ. ಅವನ ದೊಡ್ಡ ತತ್ತ್ವಗ್ರಂಥ ‘ದಲಾಲತ್ ಅಲ್ ಹಾಇರೀನ್’ ಬರೆದದ್ದು ಅರಬ್ಬಿಯಲ್ಲಿ. ಅರಿಸ್ಟಾಟಲನನ್ನು ಅವನು ಓದಿಕೊಂಡಿದ್ದು ಅರಬ್ಬಿಯ ಮೂಲಕ, ಅಲ್ ಫಾರಾಬಿಯಂಥ ಮುಸ್ಲಿಂ ತತ್ತ್ವಜ್ಞರ ಜೊತೆಯಲ್ಲಿ. ಅವನ ಮಗ ಅಬ್ರಹಾಂ ತಂದೆಯ ನಂತರ ಈಜಿಪ್ಟಿನ ಯಹೂದಿಗಳ ಮುಖಂಡನಾಗಿ ಸೂಫಿಗಳ ಸಾಧನೆಯನ್ನು ಬಾಯ್ತುಂಬ ಹೊಗಳಿದ.

ಈ ಮಹಾಪಂಡಿತನ ಮನೆಯ ಕಾಗದವೂ ಗೆನೀಜಾದಲ್ಲಿ ಸಿಕ್ಕಿದೆ. ತಮ್ಮ ದಾವೀದ್ ಐದಾಬ್ ಬಂದರಿನಿಂದ ಬರೆದದ್ದು. ವರ್ತಕರ ತಂಡ ತಪ್ಪಿಸಿಕೊಂಡು ಜೊತೆಗೊಬ್ಬನೊಂದಿಗೆ ಮರುಭೂಮಿ ದಾಟಿದ್ದು, ಬಂದರಿನಲ್ಲಿ ಕೊಳ್ಳುವಂಥ ಸರಕು ಕಾಣದೆ ಭಾರತಕ್ಕೇ ಹಡಗು ಹತ್ತಲು ನಿರ್ಧರಿಸಿದ್ದು, ಹೆಂಡತಿಗೆ ಧೈರ್ಯ ಹೇಳು ಎಂದು ಅಣ್ಣನನ್ನು ಬೇಡಿಕೊಂಡದ್ದು ಅದರಲ್ಲಿದೆ. ದಾವೀದ್ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ದುಡಿದು ಅಣ್ಣನನ್ನು ಓದಿಗೆ ಬಿಟ್ಟಿದ್ದವನು ಅವನೇ. ರಂಬಾಮ್ ಒಂದು ವರ್ಷ ಹಾಸಿಗೆ ಹಿಡಿದ. ವರ್ಷಗಳ ಮೇಲೂ ತಮ್ಮನ ಕೈಬರಹ ಕಂಡರೆ ಎದೆ ಕಲಕುತ್ತದೆಂದು ಬೇರೊಬ್ಬರಿಗೆ ಬರೆದ. ವೈದ್ಯವೃತ್ತಿಯನ್ನೇ ಜೀವನಕ್ಕೆ ನೆಚ್ಚಿಕೊಂಡದ್ದು ಆಮೇಲೆ. 1199ರಲ್ಲಿ ಬರೆದ ಒಂದು ಪತ್ರದಲ್ಲಿ ತನ್ನ ದಿನಚರಿ ಹೇಳಿಕೊಂಡಿದ್ದಾನೆ: ಬೆಳಗ್ಗೆ ಫುಸ್ತಾತ್‌ನಿಂದ ಕೈರೊದ ಅರಮನೆಗೆ ಹೋಗಿ, ಮಧ್ಯಾಹ್ನ ಹಸಿದು ಮರಳುವಾಗ ಮನೆಯಂಗಳದಲ್ಲಿ ಯಹೂದಿಗಳು, ಇತರರು, ಬಡವರು, ಬಲ್ಲಿದರು ಕಾದು ಕೂತಿರುತ್ತಿದ್ದರು, ರಾತ್ರಿ ಮಲಗಿಕೊಂಡೇ ಔಷಧ ಹೇಳುವಷ್ಟು ದಣಿಯುತ್ತಿದ್ದ. 1204ರಲ್ಲಿ ತೀರಿಕೊಂಡ.

ಕೇರಿಯೊಳಗಿನ ಅವನ ಹೆಸರಿನ ಸಿನಗಾಗನ್ನು ಈಜಿಪ್ಟಿನ ಪುರಾತತ್ತ್ವ ಇಲಾಖೆ ದುರಸ್ತಿ ಮಾಡಿ 2010ರಲ್ಲಿ ಮುಗಿಸಿತು. ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ಮೊದಲೇ ಅನುಮತಿ ಪಡೆಯುವುದು ಒಳ್ಳೆಯದು. ಒಳಗೆ ತಗ್ಗಿನಲ್ಲೊಂದು ಕೋಣೆಯಿದೆ. ವಾಸಿಯಾಗದ ಕಾಯಿಲೆಯವರು ಅಲ್ಲೊಂದು ರಾತ್ರಿ ಮಲಗಿದರೆ ರಂಬಾಮ್ ಗುಣಪಡಿಸುತ್ತಾನೆಂಬ ನಂಬಿಕೆ ಇಪ್ಪತ್ತನೇ ಶತಮಾನದವರೆಗೂ ಗಟ್ಟಿಯಾಗಿತ್ತು.

ಈ ಕೇರಿ ಗೋಡೆ ಹಾಕಿ ಕೂಡಿಟ್ಟ ಜಾಗವಾಗಿರಲಿಲ್ಲ. ಮುಸ್ಲಿಮರೂ ಇಲ್ಲೇ ಬಾಳಿದರು. ಅಕ್ಕಸಾಲಿಗಳು, ಲೇವಾದೇವಿಯವರು, ತಿರುಗಾಡಿ ಮಾರುವವರು ಇದ್ದರು. ಉಳ್ಳವರು ಒಬ್ಬೊಬ್ಬರಾಗಿ ಅಬ್ಬಾಸಿಯಾ, ಜಮಾಲೆಕ್, ಮಾದಿ ಕಡೆಗೆ ಹೋದ ಮೇಲೆ ಇಲ್ಲಿ ಉಳಿದವರು ಅರಬ್ಬಿ ಬಿಟ್ಟು ಬೇರೆ ಮಾತು ಬಾರದ ಬಡವರು. ಯಹೂದಿಗಳಲ್ಲೇ ತಾಲ್ಮೂದ್ ಎಂಬ ಧರ್ಮಶಾಸ್ತ್ರ ಸಂಗ್ರಹವನ್ನು ಒಪ್ಪದ ಕರಾಯಿ ಪಂಗಡದವರ ಓಣಿ ಪಕ್ಕದಲ್ಲೇ ಇತ್ತು. ಆ ಪಂಗಡದ ದಾವೂದ್ ಹೊಸ್ನಿ ಅರಬ್ ಸಂಗೀತದ ದೊಡ್ಡ ಹೆಸರು. 1870ರಲ್ಲಿ ಹುಟ್ಟಿ 1937ರಲ್ಲಿ ತೀರಿಕೊಂಡ ಈ ಸಂಗೀತಗಾರ ಹೆಸರಾಂತ ಗಾಯಕಿ ಉಮ್ಮ್ ಕುಲ್ಸೂಮ್‌ಗೆ ಹಾಡು ಕಟ್ಟಿಕೊಟ್ಟ, ಗಾಯಕಿ ಅಸ್ಮಹಾನ್‌ಗೆ ಆ ಹೆಸರನ್ನೇ ಇಟ್ಟ. ಇನ್ನೂ ಹಿಂದೆ ಹೋದರೆ ಯಾಕೂಬ್ ಸನುಆ. 1870ರಲ್ಲಿ ಕೈರೊದಲ್ಲಿ ಆಡುಮಾತಿನ ಅರಬ್ಬಿಯ ನಾಟಕ ಆಡಿಸಿ, ಆಮೇಲೆ ‘ಅಬು ನದ್ದಾರಾ’ ಎಂಬ ವಿಡಂಬನೆಯ ಪತ್ರಿಕೆ ತೆಗೆದು, ದೇಶವಾಳುತ್ತಿದ್ದ ಖದೀವನ ಕೋಪಕ್ಕೆ ತುತ್ತಾಗಿ 1878ರಲ್ಲಿ ಪ್ಯಾರಿಸ್‌ಗೆ ಗಡೀಪಾರಾದವನು. ಅಲ್ಲಿಂದಲೂ ಪತ್ರಿಕೆ ಅಚ್ಚುಮಾಡಿ ಕದ್ದು ಕಳಿಸುತ್ತಿದ್ದ.

ಇನ್ನು ಗಾಯಕಿ, ನಟಿ ಲೈಲಾ ಮುರಾದ್. ಯಹೂದಿ ಗಾಯಕ ಜಕಿ ಮುರಾದ್‌ನ ಮಗಳು, 1918ರಲ್ಲಿ ಹುಟ್ಟಿದವಳು. ಓಣಿಯ ಚಹಾದಂಗಡಿಯಲ್ಲಿ ಅವಳ ಹಾಡು ಇವತ್ತಿಗೂ ಕೇಳುತ್ತದೆ. 1949ರ ‘ಗಜಲ್ ಅಲ್ ಬನಾತ್’ ಚಿತ್ರವನ್ನು ನೋಡದ ಈಜಿಪ್ಟಿನವರು ಅಪರೂಪ. ಅವಳು 1940ರ ದಶಕದಲ್ಲೇ ಇಸ್ಲಾಂ ಸ್ವೀಕರಿಸಿದ್ದಳು. ಹಾಗಿದ್ದೂ 1952ರಲ್ಲಿ, ಇಸ್ರೇಲಿಗೆ ಹಣ ಕೊಟ್ಟಳೆಂಬ ಗಾಳಿಸುದ್ದಿ ಹಬ್ಬಿತು. ಸಿರಿಯಾ ಅವಳ ಹಾಡು, ಚಿತ್ರಗಳನ್ನು ನಿಷೇಧಿಸಿತು. ಈಜಿಪ್ಟ್ ಸರ್ಕಾರ ವಿಚಾರಣೆ ನಡೆಸಿ ಅವಳು ನಿರ್ದೋಷಿ ಎಂದಿತು. 1955ರಲ್ಲಿ ಕೊನೆಯ ಚಿತ್ರ ಮಾಡಿ ಅವಳು ತೆರೆಯಿಂದ ಸರಿದಳು. ಇನ್ನೂ ನಲವತ್ತು ತುಂಬಿರಲಿಲ್ಲ.

ಮುಸ್ಕಿಯಿಂದ ಪಶ್ಚಿಮಕ್ಕೆ ನಡೆದರೆ ಪ್ಯಾರಿಸ್ಸಿನ ಮಾದರಿಯ ಕಟ್ಟಡಗಳ ಕೈರೊ. ಈಗಿನ ಮುಸ್ತಫಾ ಕಾಮಿಲ್ ವೃತ್ತಕ್ಕೆ ಹಿಂದೆ ಬ್ಯಾಂಕು, ರೈಲ್ವೆ, ಭೂವ್ಯವಹಾರ ನಡೆಸಿದ ಸುವಾರೆಸ್ ಎಂಬ ಯಹೂದಿ ಮನೆತನದ ಹೆಸರಿತ್ತು. ಜುಲೈ 26ರ ಬೀದಿಯಲ್ಲಿ ಸಿಕುರೆಲ್ ಮಳಿಗೆ. ಅದರ ಒಡೆಯರ ಯಹೂದಿ ಮನೆತನದ ಸಾಲ್ವತೊರ್ ಸಿಕುರೆಲ್ 1928ರ ಒಲಿಂಪಿಕ್ಸ್‌ನಲ್ಲಿ ಈಜಿಪ್ಟಿನ ಪರವಾಗಿ ಕತ್ತಿವರಸೆ ಆಡಿದವನು. ಇನ್ನೊಬ್ಬ ಯಹೂದಿ ಯೂಸುಫ್ ಕತ್ತಾವಿ ಪಾಷಾ ಬ್ರಿಟಿಷರ ಹಿಡಿತವಿಲ್ಲದ ಸ್ವದೇಶಿ ಬ್ಯಾಂಕು ಬೇಕೆಂದು ತಲಾತ್ ಹರ್ಬ್ ಜೊತೆ ಸೇರಿ 1920ರಲ್ಲಿ ಬ್ಯಾಂಕ್ ಮಿಸ್ರ್ ಕಟ್ಟಿದ; 1924ರಲ್ಲಿ ದೇಶದ ಹಣಕಾಸು ಮಂತ್ರಿಯಾದ.

ಅದ್ಲಿ ಬೀದಿಯ ಶಾರ್ ಹಶಾಮಯಿಮ್ ಸಿನಗಾಗ್ ಈ ವೈಭವದ ಕಾಲದ್ದು. ಬೂದು ಬಣ್ಣದ ಭಾರಿ ಮುಖಭಾಗ, ಅದರ ಮೇಲೆ ಕಡೆದ ಖರ್ಜೂರದ ಮರಗಳು. ದೂರದಿಂದ ಫೇರೋಗಳ ಕಾಲದ ಗುಡಿಯೆಂದು ಭ್ರಮೆಯಾಗುತ್ತದೆ. ಕಟ್ಟಿಸಿದವರು ಬಯಸಿದ್ದೂ ಅದನ್ನೇ, ನಾವೂ ಈ ಮಣ್ಣಿನವರು ಎನ್ನುವುದನ್ನು. 1925ರಿಂದ 1960ರಲ್ಲಿ ಸಾಯುವವರೆಗೆ ಈಜಿಪ್ಟಿನ ಮುಖ್ಯ ರಬ್ಬಿಯಾಗಿದ್ದ ಹಾಯಿಮ್ ನಹೂಮ್ ಅರಬ್ಬಿ ಭಾಷಾ ಅಕಾಡೆಮಿಯ ಸದಸ್ಯನೂ ಆಗಿದ್ದ. ಈಗ ಹೊರಗೆ ಪೊಲೀಸ್ ಪಹರೆ, ಚೀಲದ ತಪಾಸಣೆ, ಗುರುತಿನ ಚೀಟಿ.

1947ರ ಜನಗಣತಿಯಲ್ಲಿ ಈಜಿಪ್ಟಿನ ಯಹೂದಿಗಳು ಸುಮಾರು 65,000. ಹಲವು ತಲೆಮಾರಿನಿಂದ ಇಲ್ಲೇ ಇದ್ದವರಲ್ಲೂ ಬಹಳ ಮಂದಿಗೆ ಪೌರತ್ವದ ಕಾಗದ ಇರಲಿಲ್ಲ, ಕೇಳಿದರೂ ಸಿಗಲಿಲ್ಲ. 1945ರ ನವೆಂಬರ್‌ನಲ್ಲಿ ಗಲಭೆಯಾಗಿ ಒಂದು ಸಿನಗಾಗ್ ಸುಟ್ಟುಹೋಯಿತು. 1948ರಲ್ಲಿ ಇಸ್ರೇಲ್ ಹುಟ್ಟಿ ಯುದ್ಧ ನಡೆಯುವಾಗ ಕರಾಯಿಗಳ ಓಣಿಯಲ್ಲೂ ಹಾರತ್ ಅಲ್ ಯಹೂದ್‌ನಲ್ಲೂ ಬಾಂಬ್ ಸಿಡಿದು ಹತ್ತಾರು ಜನ ಸತ್ತರು. 1954ರಲ್ಲಿ ಇಸ್ರೇಲಿನ ಸೇನಾ ಬೇಹುಗಾರರು ಇಲ್ಲಿಯ ಕೆಲವು ಯಹೂದಿ ತರುಣರಿಂದ ಕೈರೊ, ಅಲೆಕ್ಸಾಂಡ್ರಿಯಾಗಳಲ್ಲಿ ಬಾಂಬ್ ಇಡಿಸಿದರು. ಸಿಕ್ಕಿಬಿದ್ದವರಲ್ಲಿ ಇಬ್ಬರನ್ನು ಗಲ್ಲಿಗೇರಿಸಿದರು. ಆ ಕೃತ್ಯದ ಬಗ್ಗೆ ಏನೂ ಅರಿಯದ ಸಾವಿರಾರು ಮನೆಗಳ ಮೇಲೆ ಸಂಶಯ ಬಿತ್ತು. 1956ರಲ್ಲಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೂಯೆಜ್ ಮೇಲೆ ದಾಳಿಯಿಟ್ಟ ಮೇಲೆ ಎಲ್ಲ ಮುಗಿಯಿತು. ಅಂಗಡಿ, ಬ್ಯಾಂಕು ಸರ್ಕಾರದ ವಶವಾದವು. ನಾನಾಗಿಯೇ ಹೋಗುತ್ತಿದ್ದೇನೆ, ಮರಳಿ ಬರುವುದಿಲ್ಲ ಎಂದು ರುಜು ಹಾಕಿಸಿಕೊಂಡು ಹಡಗು ಹತ್ತಿಸಿದರು. ಸುಮಾರು 25,000 ಜನ ಹೀಗೆ ಹೊರಟರು. 1967ರ ಯುದ್ಧದ ಹೊತ್ತಿಗೆ ಉಳಿದಿದ್ದ ಗಂಡಸರಲ್ಲಿ ನೂರಾರು ಮಂದಿಯನ್ನು ಜೈಲಿಗೆ ಹಾಕಿದರು. ಇದನ್ನು ಆ ಕಡೆಯ ತಪ್ಪು, ಈ ಕಡೆಯ ತಪ್ಪು ಎಂದು ತೂಗುತ್ತಾ ಕೂರಲು ನನಗೆ ಮನಸ್ಸಿಲ್ಲ. ಅಕ್ಕಸಾಲಿಗನೂ ದರ್ಜಿಯೂ ರಾಜ್ಯಗಳ ಜಗಳಕ್ಕೆ ಮನೆ ಕಳೆದುಕೊಂಡರು, ಅದು ಅನ್ಯಾಯ.

ಈಜಿಪ್ಟಿನ ಕಥೆ ಒಂಟಿಯಲ್ಲ. ಬಗ್ದಾದಿನಲ್ಲಿ ಇರಾಕಿನ ಮೊದಲ ಹಣಕಾಸು ಮಂತ್ರಿ ಸಸೂನ್ ಎಸ್ಕೆಲ್ ಯಹೂದಿ. ಅಲ್ಲಿನ ರೇಡಿಯೊ ಸಂಗೀತಕ್ಕೆ ಅಡಿಪಾಯ ಹಾಕಿದ ಸಾಲಿಹ್ ಮತ್ತು ದಾವೂದ್ ಅಲ್ ಕುವೈತಿ ಸೋದರರು ಯಹೂದಿಗಳು. 1941ರ ಜೂನ್‌ನಲ್ಲಿ ಫರ್ಹೂದ್ ಎಂಬ ಹತ್ಯಾಕಾಂಡ ನಡೆಯಿತು. 1950–51ರಲ್ಲಿ ಸುಮಾರು 1,20,000 ಮಂದಿ ವಿಮಾನ ಹತ್ತಿದರು. ಯೆಮನ್‌ನಿಂದ 1949–50ರಲ್ಲಿ ಐವತ್ತು ಸಾವಿರದಷ್ಟು. 1948ರಲ್ಲಿ ಅರಬ್ ದೇಶಗಳಲ್ಲೆಲ್ಲ ಸೇರಿ ಎಂಟು ಲಕ್ಷಕ್ಕೂ ಮಿಕ್ಕಿದ್ದ ಯಹೂದಿಗಳಲ್ಲಿ ಈಗ ಒಂದಿಷ್ಟು ಜನ ಉಳಿದಿರುವುದು ಮುಖ್ಯವಾಗಿ ಮೊರೊಕ್ಕೊ, ಟುನೀಶಿಯಾಗಳಲ್ಲಿ.

ಕೈರೊದಲ್ಲಿ ಉಳಿದವರು ಬೆರಳೆಣಿಕೆಯವರು. 2013ರಿಂದ ಸಮುದಾಯದ ಅಧ್ಯಕ್ಷೆಯಾಗಿರುವ ಮಗ್ದಾ ಹಾರೂನ್ ಅವರ ತಂದೆ ಶಹಾತಾ ಹಾರೂನ್ ಎಡಪಂಥದ ವಕೀಲರು, ಜಿಯೋನಿಸಂ ವಿರೋಧಿ. ಎಷ್ಟು ಬಾರಿ ಜೈಲಿಗೆ ಹಾಕಿದರೂ ತಾನು ಈಜಿಪ್ಟಿನವನೇ ಎಂದು ಹಟ ಹಿಡಿದು 2001ರಲ್ಲಿ ಸಾಯುವವರೆಗೆ ಇಲ್ಲೇ ಉಳಿದರು. ಮಗಳು ‘ಹನಿ ಹಾಲು’ ಎಂಬ ಹಳೆಯ ದತ್ತಿ ಸಂಘಕ್ಕೆ ಮರುಜೀವ ಕೊಟ್ಟು ಸಿನಗಾಗುಗಳನ್ನೂ ನಗರದ ದಕ್ಷಿಣದ ಬಸಾತೀನ್ ಸ್ಮಶಾನವನ್ನೂ ಉಳಿಸಲು ದುಡಿಯುತ್ತಿದ್ದಾರೆ. ಒಂಬತ್ತನೇ ಶತಮಾನದಲ್ಲಿ ಇಬ್ನ್ ತೂಲೂನ್ ಕೊಟ್ಟ ನೆಲವೆಂದು ಪ್ರತೀತಿಯಿರುವ ಆ ಸ್ಮಶಾನದ ಅಮೃತಶಿಲೆಗಳಲ್ಲಿ ಹೆಚ್ಚಿನವನ್ನು ಕಳ್ಳರು ಕಿತ್ತೊಯ್ದಿದ್ದಾರೆ. ಯಾರ ಗೋರಿ ಎಲ್ಲಿದೆ ಎನ್ನುವುದು ಹೆಚ್ಚಿನ ಕಡೆ ತಿಳಿಯುವುದಿಲ್ಲ.

ಹಾಗಾಗಿಯೇ ನೋಂದಣಿ ಪುಸ್ತಕಗಳಿಗೆ ಇಷ್ಟು ಬೆಲೆ. ಹುಟ್ಟು, ಮದುವೆ, ವಿಚ್ಛೇದನ, ಸಾವು ಎಲ್ಲವನ್ನೂ ಸಮುದಾಯದ ಗುಮಾಸ್ತರು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಅವು ಸಿನಗಾಗುಗಳಲ್ಲಿ ಇದ್ದವು. 2016ರಲ್ಲಿ ಅವನ್ನು ಈಜಿಪ್ಟಿನ ರಾಷ್ಟ್ರೀಯ ಪತ್ರಾಗಾರಕ್ಕೆ ಸಾಗಿಸಿದರು. ಪ್ಯಾರಿಸ್, ಲಂಡನ್, ಟೆಲ್ ಅವೀವ್‌ಗಳಲ್ಲಿ ಇರುವ ವಂಶಸ್ಥರು ತಮ್ಮ ಅಜ್ಜಿಯ ಮದುವೆಯ ಪುಟದ ಒಂದು ಪ್ರತಿ ಕೊಡಿ ಎಂದು ವರ್ಷಗಳಿಂದ ಕೇಳುತ್ತಿದ್ದಾರೆ. ಆಶುವಿನ ಬಿಡುಗಡೆ ಪತ್ರವನ್ನು, ವುಹ್ಶಾಳ ಉಯಿಲನ್ನು ಓದಿ ಪುಸ್ತಕ ಬರೆಯಲು ವಿದ್ವಾಂಸರಿಗೆ ತಡೆಯಿಲ್ಲ. ಗೆನೀಜಾದ ಬಹುಪಾಲು ಹಾಳೆಗಳು ಈಗ ಅಂತರ್ಜಾಲದಲ್ಲೇ ಇವೆ. 1930ರಲ್ಲಿ ಅದ್ಲಿ ಬೀದಿಯಲ್ಲಿ ಮದುವೆಯಾದವರ ಹೆಸರು ಅವರ ಮೊಮ್ಮಕ್ಕಳಿಗೆ ಸಿಗುವುದಿಲ್ಲ. ಅಸಲು ಪುಸ್ತಕಗಳು ಈಜಿಪ್ಟಿನಲ್ಲೇ ಇರಲಿ, ಅವು ಈಜಿಪ್ಟಿನ ಚರಿತ್ರೆಯೇ. ಪ್ರತಿಗಳನ್ನಾದರೂ ಆ ಮನೆತನಗಳಿಗೆ ಕೊಡಬೇಕು, ಬೇಗ ಕೊಡಬೇಕು. 1956ರಲ್ಲಿ ಅಪ್ಪ ಅಮ್ಮನ ಕೈಹಿಡಿದು ಅಲೆಕ್ಸಾಂಡ್ರಿಯಾದಲ್ಲಿ ಹಡಗು ಹತ್ತಿದ ಮಕ್ಕಳಿಗೆ ಈಗ ಎಪ್ಪತ್ತೈದು, ಎಂಬತ್ತು ದಾಟಿದೆ.